ಯಾವ ಚರ್ಚೆ ಸಾಕು, ಯಾವ ಚರ್ಚೆ ಬೇಕು?

(ಹೊಳೆಹೊನ್ನೂರಿನಲ್ಲಿ ನಡೆದ ಶರಣ ಚಿಂತನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ನಾನು ಪಂಡಿತನಲ್ಲ. ಸರ್ಕಾರಿ ನೌಕರಿಯಲ್ಲಿ ನಾಲೆ, ಸೇತುವೆ ಎಂದು ಆಯುಷ್ಯ ಕಳೆದ ಇಂಜಿನಿಯರ್. ನಿವೃತ್ತಿಯ ನಂತರ ಇಂಥ ಗೋಷ್ಠಿಗಳಿಗೆ ತಪ್ಪದೆ ಹೋಗುತ್ತೇನೆ. ಎಲ್ಲಿ ಹೋದರೂ ಅದೇ ನಾಲ್ಕೈದು ವಾದ, ಅದೇ ಕಾವು. ಪ್ರಸಾದದ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಅನುಭವ ಮಂಟಪದ ಹೆಸರು ಹೇಳುವ ನಾವು ಚರ್ಚೆ ಬೇಡ ಎನ್ನಲಾಗದು. ಆದರೆ ಎಲ್ಲ ಚರ್ಚೆಗೂ ಒಂದೇ ಬೆಲೆ ಇಲ್ಲ. ಅಳೆಯಲು ನಾನು ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದು, ಇದನ್ನು ತೀರ್ಮಾನಿಸುವ ಆಧಾರ ಇದೆಯೆ, ಅಥವಾ ಮುಂದೆ ಸಿಕ್ಕೀತೆ? ಎರಡು, ಉತ್ತರ ಸಿಕ್ಕರೆ ನಮ್ಮ ನಡೆಯಲ್ಲಿ ಏನು ಬದಲಾಗುತ್ತದೆ?

ಮೊದಲು ನಮ್ಮ ಜಿಲ್ಲೆಯದೇ ಒಂದು ವಾದ. ಅಕ್ಕಮಹಾದೇವಿಯ ಉಡುತಡಿ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಕ್ಕ ಕೌಶಿಕನನ್ನು ಮದುವೆಯಾಗಿದ್ದಳೆ, ಇಲ್ಲವೆ? ಹರಿಹರ ತನ್ನ ರಗಳೆಯಲ್ಲಿ ಆದಳೆಂದ, ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಇಲ್ಲವೆಂದ. ಇಬ್ಬರೂ ಅಕ್ಕನ ಕಾಲದ ನಂತರದವರು. ಹೊಸ ಆಧಾರ ಸಿಕ್ಕರೆ ವಿದ್ವಾಂಸರು ನೋಡಲಿ. ಉತ್ತರ ಏನೇ ಬಂದರೂ ಅಕ್ಕನ ವಚನದ ಒಂದಕ್ಷರವೂ ಬದಲಾಗದು. ನಾವು ಇದನ್ನು ಇಲ್ಲಿಗೆ ಬಿಡಬಹುದು.

ಎರಡನೆಯದು ಅಂಕಿತದ ವಾದ. 1996ರ 'ವಚನ ದೀಪ್ತಿ'ಯಲ್ಲಿ ಮಾತೆ ಮಹಾದೇವಿಯವರು 'ಕೂಡಲಸಂಗಮದೇವ' ಎಂಬ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದರು. ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನನ್ನ ದೃಷ್ಟಿಯಲ್ಲಿ ಈ ವಾದವನ್ನು ಮುಗಿಸಬೇಕಾದದ್ದು ನ್ಯಾಯಾಲಯವಲ್ಲ, ತಾಳೆಗರಿ. ಹಸ್ತಪ್ರತಿಗಳಲ್ಲಿರುವುದು 'ಕೂಡಲಸಂಗಮದೇವ'. ಸದುದ್ದೇಶವಿದ್ದರೂ ಬರೆದವರ ಮಾತನ್ನು ತಿದ್ದುವ ಹಕ್ಕು ನಮಗಿಲ್ಲ. ಇದೂ ಸಾಕು.

ಮೂರನೆಯದು ಲಿಂಗಾಯತ, ವೀರಶೈವದ ಪ್ರಶ್ನೆ. ಇದನ್ನು ಸಾಕೆನ್ನಲಾರೆ. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿ ವರದಿ ಕೊಟ್ಟಿತು, 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಇಲ್ಲಿ ಆಧಾರಗಳಿವೆ, ಉತ್ತರದಿಂದ ಬದಲಾಗುವುದೂ ಬಹಳವಿದೆ. ಆದರೆ ಇದನ್ನು ಓದಿ ಮಾಡಬೇಕು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. 1993ರಲ್ಲಿ ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಗಳ 15 ಸಂಪುಟ ಬಂದವು. ಅವುಗಳಲ್ಲಿ ಒಂದನ್ನೂ ತೆರೆಯದವರು ಈ ವಿಷಯದಲ್ಲಿ ಅತಿ ಗಟ್ಟಿಯಾಗಿ ಮಾತನಾಡುವುದನ್ನು ನೋಡಿದ್ದೇನೆ.

ಇನ್ನೊಂದಿದೆ. ಅದರ ಬಗ್ಗೆ ನಾವು ಚರ್ಚಿಸುವುದೇ ಇಲ್ಲ, ಏಕೆಂದರೆ ವೇದಿಕೆಯ ಮೇಲೆ ಎಲ್ಲರೂ ಒಪ್ಪುತ್ತೇವೆ. ಅದು ಒಳಪಂಗಡದ ಪ್ರಶ್ನೆ.

ನನ್ನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವನು, ನಿತ್ಯ ಇಷ್ಟಲಿಂಗ ಪೂಜೆಯ ಮನೆತನ. ನಾನು ಮೊದಲು ಕೇಳಿದ್ದು, "ಯಾವ ಪಂಗಡ?" ಉತ್ತರ ಕೇಳಿದ ಮೇಲೆ, ಜಾತಕ ಕೂಡಲಿಲ್ಲವೆಂದು ನೆಪ ಹೇಳಿ ಕಳಿಸಿದೆ. ಶರಣರು ಜಾತಕ ನಂಬಲಿಲ್ಲ ಎಂದು ಭಾಷಣ ಮಾಡುತ್ತಿದ್ದವನೂ ನಾನೇ. ಮಗಳು ಒಳಗಿನಿಂದ ಕೇಳಿಸಿಕೊಂಡಿದ್ದಳು. ವಾದ ಮಾಡಲಿಲ್ಲ. "ಮೊನ್ನೆ ವೇದಿಕೆ ಮೇಲೆ ಮಾತಾಡಿದವರು ಯಾರಪ್ಪ?" ಎಂದಳು, ಅಷ್ಟೆ. ಅವಳಿಗೆ ಬೇರೆ ಕಡೆ, ನಮ್ಮ ಪಂಗಡದಲ್ಲೇ ಮದುವೆಯಾಯಿತು, ಚೆನ್ನಾಗಿದ್ದಾಳೆ. ಆ ಪ್ರಶ್ನೆಗೆ ಮಾತ್ರ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಆ ತಂದೆಯಂದಿರು ಪ್ರಾಣ ಕೊಟ್ಟರು ಎಂಬ ಕಥೆಯನ್ನು ಪ್ರತಿ ಬಸವ ಜಯಂತಿಯಲ್ಲೂ ಹೇಳುತ್ತೇವೆ. ನಾವು ಒಂದು ಪಂಗಡದ ಗೆರೆ ದಾಟಲು ಹಿಂಜರಿಯುತ್ತೇವೆ.

ಇಲ್ಲಿ ನಿಜವಾದ ತೊಡಕುಗಳಿವೆ. ಮೀಸಲಾತಿಯ ಹೋರಾಟಕ್ಕೆ ಒಳಪಂಗಡದ ಹೆಸರು ಬೇಕು, ಮದುವೆಗೆ ಅದು ಬೇಡ. ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ? ಬೇರೆ ಸಮಾಜದಿಂದ ಬಂದು ಲಿಂಗದೀಕ್ಷೆ ಪಡೆದವರ ಮನೆಗೆ ಹೆಣ್ಣು ಕೊಡುವವರು ಯಾರು? ಒಳ್ಳೆಯ ಮನಸ್ಸಿನವರೂ ಇದರಲ್ಲಿ ಭಿನ್ನಾಭಿಪ್ರಾಯ ಹೊಂದಿರಬಹುದು. ಆಧಾರಕ್ಕೆ ಶಾಸನ ಹುಡುಕಬೇಕಿಲ್ಲ, ನಮ್ಮ ನಮ್ಮ ಮನೆಯ ಲಗ್ನಪತ್ರಿಕೆಗಳು ಸಾಕು. ಬದಲಾಗುವುದು ಮಕ್ಕಳ ಬದುಕು.

ಭದ್ರಾ ನಾಲೆಯ ರೈತರಾದ ನಿಮಗೆ ಗೊತ್ತು, ಮೇಲ್ಭಾಗದಲ್ಲಿ ನಾಲೆ ತುಂಬಿ ಹರಿದರೆ ಸಾಲದು, ನೀರು ಕೊನೆಭಾಗದ ಗದ್ದೆಗೆ ಮುಟ್ಟಬೇಕು. ನಮ್ಮ ಚರ್ಚೆಯ ನೀರು ಮನೆಯ ಹೊಸ್ತಿಲಿಗೆ ಮುಟ್ಟುತ್ತಿಲ್ಲ.

ಆದ್ದರಿಂದ ಒಂದು ಬಿನ್ನಹ. ಮುಂದಿನ ಗೋಷ್ಠಿಯ ಅರ್ಧ ವೇಳೆಯನ್ನು ಪಂಗಡ ಮೀರಿ ಮದುವೆಯಾದ ದಂಪತಿಗಳಿಗೆ ಬಿಡೋಣ. ಅವರಿಗೆ ಅಡ್ಡಿ ಬಂದದ್ದು ಎಲ್ಲಿಂದ ಎಂದು ಕೇಳೋಣ. ಮಠಗಳು ವಧೂವರರ ಮಾಹಿತಿ ಪಡೆಯುವಾಗ ಒಳಪಂಗಡದ ಕಲಂ ಬಿಡಬಹುದೆ ಎಂದು ಪೂಜ್ಯರ ಸಮ್ಮುಖದಲ್ಲೇ ಚರ್ಚಿಸೋಣ. ಮಾತನಾಡಲು ಬರುವವರು ಮೊದಲು ತಮ್ಮ ಮನೆಯ ಸಂಗತಿ ಹೇಳಲಿ. ನನ್ನದನ್ನು ಇಂದು ಹೇಳಿದ್ದೇನೆ.