ಹಳೆಯ ಮಡಕೆಯ ಋಣ



ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ ರಾಗಿಯನ್ನು ಕಾಯ್ದುದು ಮಣ್ಣಿನ ವಾಡೆ. ನೀರನ್ನು ತಣಿಸಿದುದು ಗುಡಾಣ. ಸಾರನ್ನು ಕುದಿಸಿದುದು ಮಡಕೆ. ಗುಡಾಣದ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಸುವುದು. ಒಡೆದ ಮಡಕೆಯ ಓಡಿನಲ್ಲಿಯೂ ನಮ್ಮ ಅಜ್ಜಿಯರು ಕಾಳು ಹುರಿದರು.

ಅಲ್ಯೂಮಿನಿಯಂ, ಉಕ್ಕು ಬಂದ ಮೇಲೆ ಮಣ್ಣಿನ ಪಾತ್ರೆಗಳು ಹಿತ್ತಿಲನ್ನು ಸೇರಿದವು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವೇರಿಸಿದ ಸೀಮೆಯಿದು. ಆದರೆ ಸ್ವದೇಶಿಯೆಂದು ರಾಟೆಗೆ ಕೈಮುಗಿದ ನಾವು ಕುಂಬಾರನ ತಿಗರಿಯನ್ನು ಮರೆತೆವು.

ಇಲ್ಲಿ ಮಡಕೆ, ಧಾರವಾಡದಲ್ಲಿ ಗಡಿಗೆ. 1956ರಲ್ಲಿ ನಾಡು ಒಂದಾಗುವ ಮೊದಲೇ ಅಡಿಗೆಮನೆಗಳು ಒಂದಾಗಿದ್ದವು. ಮದುವೆಯ ಐರಣೆಗೆ ಮಾತ್ರ ಕುಂಬಾರನ ಬಾಗಿಲಿಗೆ ಹೋದರೆ ಸಾಲದು. ಈ ಬೇಸಗೆಗೆ ಮನೆಗೊಂದು ಗುಡಾಣವನ್ನು ಕೊಂಡು ತರೋಣ.