ಮೂಸಿಯ ದಂಡೆಯಿಂದ ಬೀದರದ ಸುರಂಗಕ್ಕೆ



ಬೇಸಿಗೆಯ ಸೂಟಿಯಲ್ಲಿ ಜನರು ತಂಪಾದ ಗಿರಿಗಳನ್ನರಸಿ ಹೋಗುವುದು ವಾಡಿಕೆ. ನಾವಾದರೋ ಈ ಸಲ ಬಿಸಿಲ ನಾಡಿಗೇ ಹೋದೆವು. ಹೈದರಾಬಾದು ನಗರವನ್ನೂ, ಅಲ್ಲಿಂದ ಸುಮಾರು 140 ಕಿಲೋಮೀಟರು ದೂರದ ಬೀದರವನ್ನೂ ನೋಡಿ ಬಂದೆವು. ಅರಮನೆಗಳನ್ನು ಕಾಣಲು ಹೊರಟವರು ನೀರಿನ ಕಥೆಯನ್ನು ಹೊತ್ತು ಮರಳಿದೆವು.

ಹೈದರಾಬಾದಿನಲ್ಲಿ 1591ರ ಚಾರಮಿನಾರನ್ನು ಎಲ್ಲರಂತೆ ನಾವೂ ನೋಡಿದೆವು. ಆದರೆ ನಮ್ಮ ಮನಸ್ಸು ನಿಂತುದು ಮೂಸಿ ನದಿಯ ಸೇತುವೆಯ ಮೇಲೆ. 1908ರ ಸೆಪ್ಟಂಬರದಲ್ಲಿ ಈ ನದಿ ಉಕ್ಕಿ ಸಾವಿರಾರು ಜೀವಗಳನ್ನು ಬಲಿಗೊಂಡಿತು. ಆಗ ನಗರದ ರಕ್ಷಣೆಗೆ ಉಪಾಯ ಸೂಚಿಸಲು ಬಂದವರು ನಮ್ಮ ವಿಶ್ವೇಶ್ವರಯ್ಯನವರು. ನೆರೆಯನ್ನು ಮೇಲೆಯೇ ತಡೆದು ಹಿಡಿಯಬೇಕೆಂಬ ಅವರ ಆಲೋಚನೆಯಿಂದ ಉಸ್ಮಾನಸಾಗರ, ಹಿಮಾಯತಸಾಗರಗಳು ಮೈದಳೆದವು. ಕೊಲ್ಲುವ ನೀರೇ ಕುಡಿಯುವ ನೀರಾಯಿತು! ಇಂದು ಆ ಸೇತುವೆಯ ಕೆಳಗೆ ಹರಿಯುವುದು ಕೊಳಚೆ. ಕಟ್ಟಿದವರ ಬುದ್ಧಿ ದೊಡ್ಡದು. ಕಾಯಬೇಕಾದವರ ಮರೆವು ಅದಕ್ಕಿಂತ ದೊಡ್ಡದು.

ಅಲ್ಲಿಂದ ಬೀದರ. ಕೆಂಪು ಮುರಕಲ್ಲಿನ ಎತ್ತರದ ನೆಲ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರ್ಗಿಯನ್ನು ಬಿಟ್ಟು ಇಲ್ಲಿ ರಾಜಧಾನಿ ಹೂಡಿದರು. ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯ ಮುರಿದ ಗೋಡೆಯ ಮೇಲೆ ಬಣ್ಣದ ಹೆಂಚುಗಳು ಇನ್ನೂ ಹೊಳೆಯುತ್ತವೆ. ಅಂತಹ ಮಂತ್ರಿಯನ್ನು ಸುಳ್ಳು ಆರೋಪದ ಮೇಲೆ 1481ರಲ್ಲಿ ಕೊಲ್ಲಿಸಲಾಯಿತೆಂಬುದನ್ನು ನೆನೆದು ನಾವು ತುಸುಹೊತ್ತು ಮೌನವಾದೆವು.

ಊರ ಹೊರಗಣ ನೌಬಾದದಲ್ಲಿ ಸುರಂಗ ಬಾವಿಯ ಬಾಯಿಗೆ ಬಂದಾಗ ನಡುಹಗಲು. ಮೇಲೆ ಬೆಂಕಿಯಂಥ ಬಿಸಿಲು. ಕೆಳಗಿಳಿದರೆ ಮುಖಕ್ಕೆ ತಣ್ಣನೆಯ ಗಾಳಿ. ಜೊತೆಗಿದ್ದ ಮುದುಕರೊಬ್ಬರು, "ನೀರು ಮ್ಯಾಲೆ ಹುಡುಕಬ್ಯಾಡ್ರಿ, ಅದು ಅಡಿಯಾಗ ನಡೀತದ" ಎಂದರು. ಮಾತು ನಿಜ. ಮಳೆಯ ನೀರು ಸಚ್ಛಿದ್ರವಾದ ಮುರಕಲ್ಲಿನಲ್ಲಿ ಇಂಗಿ, ಕೆಳಗಣ ಗಟ್ಟಿಯಾದ ಕರಿಗಲ್ಲಿನ ಮೇಲೆ ತಂಗುತ್ತದೆ. ಅದನ್ನರಿತು ನೆಲದೊಳಗೆ ಇಳಿಜಾರಾದ ಕಾಲುವೆಯನ್ನು ಕೊರೆದು, ಗಾಳಿಬೆಳಕಿಗೂ ಹೂಳು ತೆಗೆಯಲಿಕ್ಕೂ ಸಾಲುಬಾವಿಗಳನ್ನು ತೋಡಿದರು. ಎತ್ತಿಲ್ಲ, ಯಂತ್ರವಿಲ್ಲ, ನೀರು ತಾನಾಗಿ ನಡೆದು ಬರುವುದು. ವಿದ್ಯೆ ಪಾರಸೀಕರದು, ಕಲ್ಲು ನಮ್ಮದು. ಇತ್ತೀಚಿನ ವರ್ಷಗಳಲ್ಲಿ ಇದರ ಹೂಳೆತ್ತುವ ಕೆಲಸ ನಡೆದುದು ಸಮಾಧಾನದ ಸಂಗತಿ. ಆದರೆ ಬಾವಿಗಳ ಬಾಯಿಗೆ ಕಸ ಸುರಿದರೆ, ನೀರಿಂಗುವ ಬಯಲೆಲ್ಲ ಮನೆಗಳಿಂದ ಮುಚ್ಚಿಹೋದರೆ, ಸುರಂಗವೊಂದೇ ಉಳಿದು ಏನು ಫಲ?

ಮಹನೀಯರೇ, 1956ರ ನವಂಬರ 1ರಂದು ಬೀದರವು ಹೈದರಾಬಾದು ರಾಜ್ಯವನ್ನು ಬಿಟ್ಟು ಕನ್ನಡನಾಡಿನೊಡನೆ ಕೂಡಿತು. ಭೂಪಟದ ಗೆರೆಗಳು ಒಂದಾದವು. ಆದರೆ ನಮ್ಮಲ್ಲಿ ಎಷ್ಟು ಮಂದಿ ಬೀದರವನ್ನು ಕಂಡಿದ್ದೇವೆ? ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಸುರಂಗದ ಹೆಸರು ಗೊತ್ತು? ಒಬ್ಬರನ್ನೊಬ್ಬರು ಅರಿಯದ ಕೂಟ ಬರಿಯ ಕಾಗದದ ಕೂಟ.

ಆದುದರಿಂದ ನಮ್ಮದೊಂದು ಬಿನ್ನಹ. ಶಾಲೆ ತೆರೆದೊಡನೆ ತಮ್ಮ ಊರಿನ ಹಳೆಯ ಬಾವಿ, ಕೆರೆ, ಕಾಲುವೆಗಳನ್ನು ಮಕ್ಕಳಿಗೆ ನಡೆದು ತೋರಿಸಿರಿ; ಅವರ ಕೈಯಿಂದಲೇ ಪಟ ಬರೆಯಿಸಿರಿ. ನಾಡೆಂಬುದು ನೆಲದ ಮೇಲೆ ಮಾತ್ರವಿಲ್ಲ. ಆ ಮುದುಕರು ಹೇಳಿದ ನೀರಿನಂತೆ ಅಡಿಯಲ್ಲಿಯೂ ನಡೆಯುತ್ತಿದೆ. ಅದನ್ನು ಬತ್ತಗೊಡದಿರುವುದು ನಮ್ಮ ನಿಮ್ಮ ಕೆಲಸ.