ಹದಿನೈದರಲ್ಲಿ ಬಿಟ್ಟ ಶಾಲೆ
(ಗಲ್ಫ್‌ನಿಂದ ಮರಳಿದವರ ಸಭೆಯಲ್ಲಿ ಮಾಡಿದ ಭಾಷಣ)



ಹಿರಿಯರೇ, ಸಹೋದರರೇ, ಹಿಂದಿನ ಸಾಲಲ್ಲಿ ಕೂತಿರುವ ಮಕ್ಕಳೇ,

ಗಲ್ಫ್ ಮುಗಿಸಿ ಬಂದ ನಾವು ನಾಲ್ಕು ಜನ ಸೇರಿದರೆ, ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಶಾಲೆಗೇ ಬರುತ್ತೆ. ಮಳೆಗೆ ಒದ್ದೆಯಾದ ಪುಸ್ತಕ, ಮೇಷ್ಟ್ರ ಬೆತ್ತ, ಗಂಟೆ ಹೊಡೆದ ಕೂಡಲೇ ಓಡಿದ್ದು. ದಮ್ಮಾಮಿನಲ್ಲಿ ಎಷ್ಟು ವರ್ಷ, ದುಬೈಯಲ್ಲಿ ಎಷ್ಟು ವರ್ಷ ಅಂತ ಎಲ್ಲರೂ ಲೆಕ್ಕ ಹೇಳ್ತೇವೆ. ಎಷ್ಟನೇ ಕ್ಲಾಸಿನವರೆಗೆ ಓದಿದ್ದು ಅಂತ ಯಾರಾದರೂ ಕೇಳಿದರೆ ಮಾತ್ರ ಸುಮ್ಮನಾಗ್ತೇವೆ. ಇವತ್ತು ನಮ್ಮಂಥವರದೇ ಇನ್ನೊಂದು ಕಥೆ ಹೇಳ್ತೇವೆ. ಅದು ಜಪಾನಿನದು.

ಯುದ್ಧದಲ್ಲಿ ಸೋತ ಜಪಾನ್ 1947ರಲ್ಲಿ 9 ವರ್ಷದ ಶಾಲೆಯನ್ನು ಕಡ್ಡಾಯ ಮಾಡಿತು. ಅದು ಮುಗಿಯುವಾಗ ಮಕ್ಕಳಿಗೆ 15 ವರ್ಷ. ಮುಂದೆ ಹೈಸ್ಕೂಲಿಗೆ ಕಳಿಸಲು ಹಳ್ಳಿಯ ಬಡವರ ಕೈಯಲ್ಲಿ ಹಣ ಇರಲಿಲ್ಲ. ಹೊಲ ಹೆಚ್ಚಾಗಿ ಹಿರಿಮಗನ ಪಾಲು. ಪೇಟೆಯಲ್ಲಿ ಮಾತ್ರ ಕೆಲಸಕ್ಕೆ ಜನ ಬೇಕಿತ್ತು. 1954ರ ಏಪ್ರಿಲ್‌ನಲ್ಲಿ ಉತ್ತರದ ಆವೊಮೊರಿಯಿಂದ ಟೋಕಿಯೊದ ಉಯೆನೊ ನಿಲ್ದಾಣಕ್ಕೆ ಇಂಥ ಮಕ್ಕಳಿಗಾಗಿಯೇ ವಿಶೇಷ ರೈಲು ಹೊರಟಿತು. ಶಾಲೆಯ ಯೂನಿಫಾರ್ಮಿನಲ್ಲೇ ಮಕ್ಕಳು, ಜೊತೆಗೆ ಮೇಷ್ಟ್ರು, ಪ್ಲಾಟ್‌ಫಾರ್ಮಿನಲ್ಲಿ ಅಳುವ ತಾಯಂದಿರು. ಆ ಕಣ್ಣೀರು ನಮಗೆ ಹೊಸತಲ್ಲ. ಬಜ್ಪೆ ವಿಮಾನ ನಿಲ್ದಾಣದ ಹೊರಗೆ ನಮ್ಮ ಉಮ್ಮಂದಿರೂ ಹಾಗೆಯೇ ನಿಂತಿದ್ದರು.

ಸಣ್ಣ ಕಾರ್ಖಾನೆ, ನೂಲಿನ ಗಿರಣಿ, ಅಂಗಡಿಗಳಲ್ಲಿ ಆ ಮಕ್ಕಳು ದುಡಿದರು. ಎಷ್ಟೋ ಮಂದಿ ಧಣಿಯ ಕಟ್ಟಡದಲ್ಲೇ ಮಲಗಿದರು. ಜನ ಅವರನ್ನು 'ಚಿನ್ನದ ಮೊಟ್ಟೆ'ಗಳು ಎಂದು ಕರೆದರು. ನಮ್ಮನ್ನೂ ಊರಲ್ಲಿ 'ಗಲ್ಫಿನವ' ಅಂತ ಹೊಗಳಿದರಲ್ಲ, ಹಾಗೆ. ಕಡಿಮೆ ಸಂಬಳಕ್ಕೆ ಸಿಗುವ ಎಳೆಯ ಕೈಗಳು ಎಂಬುದು ಆ ಹೊಗಳಿಕೆಯೊಳಗಿನ ನಿಜ.

1950ರಲ್ಲಿ ಅಲ್ಲಿ ಅರ್ಧದಷ್ಟು ಮಕ್ಕಳೂ ಹೈಸ್ಕೂಲಿಗೆ ಹೋಗುತ್ತಿರಲಿಲ್ಲ. 1974ರ ಹೊತ್ತಿಗೆ ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ಹೋಗತೊಡಗಿದರು. 1975ರಲ್ಲಿ ಆ ರೈಲುಗಳು ನಿಂತವು. ತರಗತಿ ತುಂಬಿದಾಗ ರೈಲು ಖಾಲಿಯಾಯಿತು, ಅಷ್ಟೆ.

ಮೊದಲ ರೈಲಿನಲ್ಲಿ ಬಂದವರಿಗೆ ಈಗ 80 ದಾಟಿದೆ. ಉಯೆನೊ ನಿಲ್ದಾಣದ ಬಗ್ಗೆ 1964ರಲ್ಲಿ ಬಂದ ಒಂದು ಹಾಡು ಅವರದೇ ಹಾಡಾಯಿತು. ಅದರ ನೆನಪಿಗೆ ನಿಲ್ದಾಣದ ಹತ್ತಿರ ಕಲ್ಲನ್ನೂ ನಿಲ್ಲಿಸಿದ್ದಾರೆ. ಆದರೆ ಆ ದೇಶ ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ದುಡಿಯುವವರಿಗೆ ಸಂಜೆ ಹೈಸ್ಕೂಲುಗಳಿವೆ. ಯುದ್ಧ, ಬಡತನದಿಂದ ಆ 9 ವರ್ಷವನ್ನೂ ಮುಗಿಸಲಾಗದವರಿಗೆ ರಾತ್ರಿ ಶಾಲೆಗಳಿವೆ. 2016ರಲ್ಲಿ ಇದಕ್ಕೊಂದು ಕಾನೂನೂ ಬಂತು. ಅಲ್ಲಿ ಅಜ್ಜಿಯಂದಿರು ಅಕ್ಷರ ಕಲಿಯುತ್ತಾರೆ, ಹೊರದೇಶದಿಂದ ಬಂದ ಕೆಲಸಗಾರರೂ ಅದೇ ಬೆಂಚಿನಲ್ಲಿ ಕೂರುತ್ತಾರೆ.

ಇನ್ನು ನಮ್ಮ ವಿಷಯ. ಎಸ್ಸೆಸ್ಸೆಲ್ಸಿ ಪಾಸಾಗದಿದ್ದರೆ ಪಾಸ್‌ಪೋರ್ಟಿನಲ್ಲಿ 'ಇಸಿಆರ್' ಬೀಳುತ್ತೆ, ಗಲ್ಫಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕಾಗುತ್ತೆ ಅಂತ ನಮಗೆಲ್ಲ ಗೊತ್ತು. ಆ ಮುದ್ರೆಯನ್ನು ಹೊತ್ತೇ ನಮ್ಮಲ್ಲಿ ಹಲವರು ಹೋದೆವು. ಮನೆ ಕಟ್ಟಿದೆವು, ತಂಗಿಯಂದಿರ ಮದುವೆ ಮಾಡಿದೆವು. ಅದಕ್ಕೆ ವಿಷಾದವಿಲ್ಲ. ಆದರೆ ಇವತ್ತು ಬ್ಯಾಂಕಿನ ಫಾರಂ ಹಿಡಿದು ಪುಳ್ಳಿಯನ್ನು ಕರೆಯುವಾಗ ಒಳಗೆ ಏನೋ ಚುಚ್ಚುತ್ತೆ.

ಹಿರಿಯರೇ, ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿಗೆ ಕಟ್ಟಲು ವಯಸ್ಸು ಹೆಚ್ಚಾಯಿತು ಅಂತ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಯಾರಿಗೆ ಮನಸ್ಸಿದೆಯೋ ಅವರು ನಾಚಿಕೆ ಬಿಡಿ, ಒಟ್ಟಿಗೇ ಅರ್ಜಿ ಹಾಕೋಣ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಪರೀಕ್ಷೆಗೆ ಮೊದಲೇ ವೀಸಾ ಕೇಳ್ತಿದ್ದೀರಿ. ಹೋಗಬೇಡಿ ಅನ್ನಲು ನಮಗೆ ಬಾಯಿಲ್ಲ, ನಾವೂ ಹೋದವರೇ. ಓದು ಮುಗಿಸಿ ಹೋಗಿ. ವೀಸಾ ಇನ್ನೊಮ್ಮೆ ಸಿಗುತ್ತೆ. ನಿಮ್ಮ ಜೊತೆ ಬೆಂಚಿನಲ್ಲಿ ಕೂತ ಗೆಳೆಯರು ಇನ್ನೊಮ್ಮೆ ಸಿಗುವುದಿಲ್ಲ.